ಒದ್ದೆ ಹೊಲದಲ್ಲಿ ಸೋಯಾ ಕಟಾವು: ಕಾಳು ನೆಲದ ಪಾಲಾಗ್ತಿದೆ, ಕಂಬೈನ್‌ನಲ್ಲಿ ಮೊದಲು ಏನು ಬದಲಿಸಬೇಕು?

ಹೊಸ ಸಾಲು

ಎಲ್ಲರಿಗೂ ನಮಸ್ಕಾರ. ಸೋಯಾ ಮಾಗಿ ನಿಂತಿದೆ, ಎಲೆ ಪೂರ್ತಿ ಉದುರಿದೆ. ಆದರೆ ಮಳೆ ಬಿಟ್ಟು ಬಿಟ್ಟು ಬರ್ತಾನೇ ಇದೆ. ಬಿಸಿಲು ಸಿಕ್ಕ ಹೊತ್ತಿನಲ್ಲಿ ಕಂಬೈನ್ ಇಳಿಸಿದೆವು. ಮೀಟರಿನಲ್ಲಿ ಕಾಳಿನ ತೇವಾಂಶ ಶೇ 17ರ ಆಸುಪಾಸು ತೋರಿಸಿತು. ಕಾಂಡ ಇನ್ನೂ ಹಸಿ. ಬಗ್ಗಿಸಿದರೆ ಮುರಿಯುವುದಿಲ್ಲ, ಬರೀ ಬಾಗುತ್ತದೆ.

ಮಷೀನ್ ಹೋದ ಮೇಲೆ ಹಿಂದೆ ನಡೆದು ನೋಡಿದರೆ ನೆಲದ ತುಂಬ ಕಾಳು. ಆಪರೇಟರ್ ಕಾಯಿ ಒಕ್ಕುವ ಡ್ರಮ್ಮಿನ ಸ್ಪೀಡ್ ಏರಿಸಿದರು. ನೆಲದ ಮೇಲಿನ ಕಾಳು ಕಡಿಮೆಯಾಗಲಿಲ್ಲ, ಟ್ಯಾಂಕಿನಲ್ಲಿ ಒಡೆದ ಬೇಳೆ ಮಾತ್ರ ಜಾಸ್ತಿ ಆಯಿತು. ಆಮೇಲೆ ಹೊಟ್ಟು ತೂರುವ ಫ್ಯಾನಿನ ಸ್ಪೀಡ್ ಇಳಿಸಿದರು. ಟ್ಯಾಂಕಿಗೆ ಕಸ ಬರತೊಡಗಿತು. ಅಷ್ಟರಲ್ಲಿ ಮೋಡ ಕವಿಯಿತು, ಕೆಲಸ ನಿಂತಿತು.

ನಮ್ಮದು ಡ್ರಮ್ ಮತ್ತು ಹೊಟ್ಟನ್ನು ಕೊಡವಿ ಹಿಂದಕ್ಕೆ ಸಾಗಿಸುವ ಸ್ಟ್ರಾ ವಾಕರ್ ಇರುವ ಮಷೀನ್. ಗಿಡ ಕತ್ತರಿಸುವ ಕಟರ್ ಬಾರ್ ನೆಲದ ಏರುತಗ್ಗಿಗೆ ಬಾಗುವಂಥದ್ದು. ಮುಂದಿನ ಬಿಸಿಲಿಗೆ ಹೊಲಕ್ಕೆ ಇಳಿಯುವ ಮುಂಚೆ ಯಾವ ಸೆಟ್ಟಿಂಗ್‌ಗೆ ಕೈ ಹಾಕಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಕಾಳು ಎಣಿಕೆ

ಸದ್ಯಕ್ಕೆ ಯಾವುದಕ್ಕೂ ಕೈ ಹಾಕಬೇಡಿ. ಕಾಳು ಎಲ್ಲಿ ಬೀಳ್ತಿದೆ ಅಂತ ಮೊದಲು ಗೊತ್ತಾಗಬೇಕು. ಹಿಂದೆ ಬಿದ್ದ ಕಾಳೆಲ್ಲ ಹಿಂದಿನಿಂದಲೇ ಬಿದ್ದದ್ದು ಅಂತ ನಾವು ಅಂದುಕೊಂಡುಬಿಡುತ್ತೇವೆ. ಸೋಯಾದಲ್ಲಿ ಅದು ಸಾಮಾನ್ಯವಾಗಿ ತಪ್ಪು. ನಷ್ಟದ ದೊಡ್ಡ ಪಾಲು, ಎಷ್ಟೋ ಸಲ ಶೇ 80ರವರೆಗೂ, ಗಿಡ ಕೊಯ್ಯುವ ಮುಂದಿನ ಭಾಗವಾದ ಹೆಡರ್‌ನಲ್ಲೇ ಆಗುತ್ತದೆ. ಹೆಡರ್‌ನಲ್ಲಿ ಉದುರಿದ ಕಾಳು ಡ್ರಮ್ಮಿಗೆ ಬರುವುದೇ ಇಲ್ಲ. ಹಾಗಿದ್ದಾಗ ಡ್ರಮ್ ಸ್ಪೀಡ್ ಏರಿಸಿ ಏನು ಬಂತು?

ಎಣಿಸುವ ಕ್ರಮ ಹೇಳ್ತೀನಿ. ಹಗ್ಗದಲ್ಲಿ ಒಂದು ಚದರ ಮೀಟರಿನ ಚೌಕಟ್ಟು ಮಾಡಿಕೊಳ್ಳಿ. ಚಚ್ಚೌಕ ಬೇಡ, ಹೆಡರ್‌ನ ಅಗಲದಷ್ಟೇ ಉದ್ದ ಇರಲಿ. ಹೆಡರ್ 4.2 ಮೀಟರ್ ಇದ್ದರೆ ಹಗ್ಗದ ಪಟ್ಟಿಯ ಅಗಲ 24 ಸೆಂಟಿಮೀಟರ್ ಸಾಕು, ಒಂದು ಚದರ ಮೀಟರ್ ಆಗುತ್ತದೆ. ಮಷೀನ್ ಹೊಟ್ಟನ್ನು ನಡುವೆ ಸಾಲು ಹಾಕಿರಲಿ, ಅಗಲಕ್ಕೆ ಚೆಲ್ಲಿರಲಿ, ಈ ಪಟ್ಟಿಯಲ್ಲಿ ಲೆಕ್ಕ ತಪ್ಪುವುದಿಲ್ಲ.

ಬೆಳೆಯ ಮಧ್ಯೆ ಎಂದಿನ ವೇಗದಲ್ಲಿ ಹೋಗ್ತಾ ಇರುವಾಗ ಮಷೀನ್ ನಿಲ್ಲಿಸಿ. ಹೆಡರ್ ಎತ್ತಿ ಮಷೀನಿನ ಉದ್ದದಷ್ಟು, ಸುಮಾರು 5 ಮೀಟರ್ ಹಿಂದಕ್ಕೆ ಬನ್ನಿ. ಈಗ ಮೂರು ಜಾಗ ಸಿಗುತ್ತವೆ. ಇನ್ನೂ ಕೊಯ್ಯದ ಬೆಳೆಯ ಬುಡದಲ್ಲಿ ಬಿದ್ದಿರುವುದು ತಾನಾಗೇ ಉದುರಿದ ಕಾಳು, ಅದಕ್ಕೂ ಮಷೀನಿಗೂ ಸಂಬಂಧ ಇಲ್ಲ. ನಿಂತ ಬೆಳೆಗೂ ಮಷೀನಿನ ಮೂತಿಗೂ ನಡುವೆ, ಹೆಡರ್ ಹಾದುಹೋದ ಆದರೆ ಹಿಂದಿನ ಹೊಟ್ಟು ಬೀಳದ ಜಾಗ ಇದೆಯಲ್ಲ, ಅಲ್ಲಿ ಎಣಿಸಿ. ಅದರಿಂದ ಮೊದಲಿನ ಸಂಖ್ಯೆ ಕಳೆದರೆ ಹೆಡರ್ ನಷ್ಟ. ಮಷೀನಿನ ಹಿಂದೆ ಎಣಿಸಿದ್ದು ಒಟ್ಟು. ಒಟ್ಟಿನಲ್ಲಿ ಆ ಎರಡನ್ನೂ ಕಳೆದು ಉಳಿದದ್ದು ಡ್ರಮ್, ವಾಕರ್, ಜರಡಿಗಳ ಪಾಲು.

ಎಣಿಸುವಾಗ ಕೂಳೆಗೆ ಅಂಟಿಕೊಂಡ ಕಾಯಿಯನ್ನೂ ಬಿಡಿಸಿ ಎಣಿಸಿ. ಒದ್ದೆಯಲ್ಲಿ ಕಾಳು ಮಣ್ಣಿಗೆ ಹೂತಿರುತ್ತದೆ, ಬೆರಳಲ್ಲಿ ಕೆದಕಿ ನೋಡಿ.

ತೂಕದ ಲೆಕ್ಕ ಸುಲಭ. ಚದರ ಮೀಟರಿಗೆ ಎಷ್ಟು ಗ್ರಾಂ ಬಿದ್ದಿದೆಯೋ ಅದರ ನಾಲ್ಕರಷ್ಟು ಕೆಜಿ ಒಂದು ಎಕರೆಗೆ. ನಿಮ್ಮ 100 ಕಾಳು 12 ಗ್ರಾಂ ತೂಗಿದರೆ, 40 ಕಾಳು ಅಂದರೆ 4.8 ಗ್ರಾಂ, ಎಕರೆಗೆ ಸುಮಾರು 19 ಕೆಜಿ.

ಹಳೇ ಆಪರೇಟರ್

ಎಣಿಕೆ ಮಾತು ನೂರಕ್ಕೆ ನೂರು ಸರಿ. ಅದರ ಜೊತೆಗೆ ಇನ್ನೊಂದು ನೋಡಿ: ಬಿದ್ದಿರುವುದು ಬಿಡಿ ಕಾಳೋ, ಬಾಯಿ ಬಿಡದ ಕಾಯೋ?

ವಾಕರ್ ಹಿಂದೆ ಹೊಟ್ಟಿನ ಜೊತೆ ಬಾಯಿ ಬಿಡದ ಕಾಯಿ ಬರ್ತಿದ್ದರೆ ಒಕ್ಕಣೆ ಸಾಲುತ್ತಿಲ್ಲ ಅಂತ ಅರ್ಥ. ಬಿಡಿ ಕಾಳು ಬರ್ತಿದ್ದರೆ ಒಕ್ಕಣೆ ಆಗಿದೆ, ಬೇರ್ಪಡಿಸುವುದು ಸೋತಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ತೇವ ಇರುವ ಕಾಯಿಯ ಸಿಪ್ಪೆ ತೊಗಲಿನ ಹಾಗೆ ಮೆತ್ತಗಿರುತ್ತದೆ. ಒಣಗಿದ್ದರೆ ಬೆರಳಲ್ಲಿ ಒತ್ತಿದ ಕೂಡಲೇ ಚಟ್ ಅಂತ ಬಿಚ್ಚಿಕೊಳ್ಳುವ ಕಾಯಿ, ತೇವದಲ್ಲಿ ಬರೀ ತಿರುಚಿಕೊಳ್ಳುತ್ತದೆ. ಅದಕ್ಕೆ ಉಜ್ಜುವಿಕೆ ಬೇಕು, ಹೊಡೆತ ಅಲ್ಲ. ಅದಕ್ಕೇ ಮೊದಲು ಕಾನ್ಕೇವ್ ಸಂದು, ಅಂದರೆ ಡ್ರಮ್ಮಿಗೂ ಅದರ ಕೆಳಗಿನ ಬಾಗಿದ ಜಾಲರಿಗೂ ನಡುವಿನ ಅಂತರ, ಕಮ್ಮಿ ಮಾಡಿ. ಒಂದು ಹಂತ ಬಿಗಿ ಮಾಡಿ, ಸ್ವಲ್ಪ ದೂರ ಕೊಯ್ದು ನೋಡಿ. ಆಗಲೂ ಕಾಯಿ ಉಳಿದರೆ ಮಾತ್ರ ಡ್ರಮ್ ಸ್ಪೀಡ್ ಸ್ವಲ್ಪ ಸ್ವಲ್ಪ ಏರಿಸಿ. 60 ಸೆಂಟಿಮೀಟರ್ ವ್ಯಾಸದ ಡ್ರಮ್ಮಿಗೆ ಸೋಯಾದಲ್ಲಿ ಸಾಮಾನ್ಯವಾಗಿ 450ರಿಂದ 600 ಆರ್‌ಪಿಎಂ ಒಳಗೇ ಕೆಲಸ ಮುಗಿಯುತ್ತದೆ. ನಿಮ್ಮ ಡ್ರಮ್ಮಿನ ಅಳತೆಗೆ ಎಷ್ಟು ಅಂತ ಮಷೀನಿನ ಕೈಪಿಡಿ ನೋಡಿಕೊಳ್ಳಿ.

ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಏನಾಯಿತು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಹನ್ನೊಂದು ಗಂಟೆಗೆ ಹೊಂದಿಸಿದ್ದು ಮೂರು ಗಂಟೆಗೆ ಸರಿ ಇರುವುದಿಲ್ಲ. ಸೋಯಾ ತೇವ ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಡುತ್ತದೆ. ಬಿಸಿಲು ಏರಿದಂತೆ ಡ್ರಮ್ ಸ್ಪೀಡ್ ಇಳಿಸಿ, ಕಾನ್ಕೇವ್ ಸಂದು ಹಿಗ್ಗಿಸಿ. ಸಂಜೆ ತಂಪು ಹತ್ತಿದಾಗ ಮತ್ತೆ ಬಿಗಿ ಮಾಡಿ. ಬೆಳಗಿನ ಬಿಗಿ ಸೆಟ್ಟಿಂಗಲ್ಲೇ ಇಡೀ ದಿನ ಓಡಿಸಿದರೆ ಮಧ್ಯಾಹ್ನ ಟ್ಯಾಂಕಿನ ತುಂಬ ಬೇಳೆ.

ಹೊಸ ಸಾಲು

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಬಿಸಿಲು ಬಂತು, ಹೇಳಿದ ಹಾಗೇ ಎಣಿಸಿದೆವು. ಬೇರೆ ಬೇರೆ ಕಡೆ ಹಗ್ಗ ಹಾಸಿ ಸರಾಸರಿ ತೆಗೆದದ್ದು ಇದು. ಕೊಯ್ಯದ ಜಾಗದಲ್ಲಿ ಚದರ ಮೀಟರಿಗೆ 15 ಕಾಳು. ಹೆಡರ್ ಹಾದ ಜಾಗದಲ್ಲಿ 100. ಮಷೀನಿನ ಹಿಂದೆ 130. ಅಂದರೆ ಹೆಡರ್ ಒಂದರಲ್ಲೇ 85, ಒಳಗಿನ ಭಾಗದಲ್ಲಿ 30.

ನಮ್ಮ ಕಾಳು ನೂರಕ್ಕೆ 12 ಗ್ರಾಂ ತೂಗಿತು. ಒಟ್ಟು ಎಕರೆಗೆ 62 ಕೆಜಿ ಹತ್ತಿರ ನೆಲದಲ್ಲಿದೆ! ಆಪರೇಟರ್ ಅಣ್ಣ ಕೂಡ ಹಗ್ಗದ ಪಕ್ಕ ಕೂತು ಎಣಿಸಿದರು. ಹೆಡರ್ ಸಂಖ್ಯೆ ನೋಡಿ ಅವರಿಗೂ ಆಶ್ಚರ್ಯ. ಕೂಳೆ ನೋಡಿದರೆ ಕೆಲವು ಓರೆಯಾಗಿ ಹರಿದಂತೆ ಇವೆ, ತುದಿ ನಾರು ನಾರಾಗಿದೆ. ಇದು ಏನು ಹೇಳುತ್ತದೆ?

ರಿಪೇರಿ ಶೆಡ್

ಹರಿದ ಕೂಳೆ ಅಂದರೆ ಬ್ಲೇಡು ಕತ್ತರಿಸುತ್ತಿಲ್ಲ, ಕೀಳುತ್ತಿದೆ ಅಂತ.

ಹಸಿ ಕಾಂಡದ ಒಂದು ಗಿಡ ಕಟರ್ ಬಾರ್‌ಗೆ ಬಂದಾಗ ಏನಾಗುತ್ತದೆ ನೋಡಿ. ಬ್ಲೇಡು ಚೂಪಾಗಿದ್ದರೆ ಗಿಡಕ್ಕೆ ಗೊತ್ತಾಗುವ ಮುಂಚೆಯೇ ಬುಡ ಕತ್ತರಿಸಿ ಹೋಗುತ್ತದೆ. ಮೊಂಡಾಗಿದ್ದರೆ ಕಾಂಡ ಬ್ಲೇಡಿಗೂ ಅಲ್ಲಾಡದ ಹಲ್ಲಾದ ಗಾರ್ಡಿಗೂ ನಡುವೆ ಸಿಕ್ಕಿ ಮುಂದಕ್ಕೆ ಬಾಗುತ್ತದೆ. ಬ್ಲೇಡು ಆ ಕಡೆ ಈ ಕಡೆ ಆಡುವಾಗಲೆಲ್ಲ ಗಿಡ ಬುಡದಿಂದ ತುದಿವರೆಗೂ ಅದುರುತ್ತದೆ. ಅಷ್ಟರಲ್ಲಿ ಮೇಲಿನ ಕಾಯಿಗಳು ಒಂದಕ್ಕೊಂದು ಬಡಿದು ಬಿಚ್ಚಿಕೊಳ್ಳುತ್ತವೆ. ಕೊನೆಗೆ ಗಿಡ ಒಳಗೆ ಹೋಗುತ್ತದೆ, ಕಾಳು ಮಾತ್ರ ಬಾರಿನ ಮುಂದೆ ನೆಲಕ್ಕೆ.

ಮಳೆಯಲ್ಲಿ ನೆನೆದು ಒಣಗಿ, ನೆನೆದು ಒಣಗಿ ಮಾಡಿದ ಕಾಯಿಗೆ ಇದು ಇನ್ನೂ ಕೆಟ್ಟದ್ದು. ಒಳಗಿನ ಕಾಳು ಊದುತ್ತದೆ, ಕುಗ್ಗುತ್ತದೆ. ಸಿಪ್ಪೆಯ ಅಂಚಿನ ಬೆಸುಗೆ ಸಡಿಲ ಆಗಿರುತ್ತದೆ. ಬಿಸಿಲು ಬಂದ ಮಧ್ಯಾಹ್ನ ಸಿಪ್ಪೆ ಗರಿಗರಿಯಾಗಿ ಬಿಚ್ಚಿಕೊಳ್ಳಲು ತಯಾರಾಗಿರುತ್ತದೆ, ಅದೇ ಹೊತ್ತಿನಲ್ಲಿ ಕಾಂಡ ಮಾತ್ರ ಹಸಿ. ಕತ್ತರಿಸುವುದು ಕಷ್ಟ, ಉದುರುವುದು ಸುಲಭ.

ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ಹೆಡರ್‌ಗೆ ಆಧಾರ ಕೊಟ್ಟ ಮೇಲೆ ಬಾರ್ ನೋಡಿ. ಹಲ್ಲು ಸವೆದ, ಮುರಿದ ಬ್ಲೇಡು ಎಲ್ಲ ಬದಲಿಸಿ. ಬೇರೆ ಯಾವ ಬಿಡಿಭಾಗದಲ್ಲಿ ಜಿಪುಣತನ ಮಾಡಿದರೂ ಇಲ್ಲಿ ಬೇಡ. ಗಾರ್ಡ್ ಬಾಗಿದ್ದರೆ ನೆಟ್ಟಗೆ ಮಾಡಿ. ಗಾರ್ಡಿನ ಅಂಚೂ ಚೂಪಾಗಿರಬೇಕು, ಕತ್ತರಿಗೆ ಎರಡು ಅಲಗು ಬೇಕಲ್ವಾ. ಬ್ಲೇಡು ಒತ್ತಿ ಹಿಡಿಯುವ ಕ್ಲಿಪ್‌ಗಳನ್ನು ನೋಡಿ. ಬ್ಲೇಡು ಪಕ್ಕಕ್ಕೆ ಸಲೀಸಾಗಿ ಸರಿಯಬೇಕು, ಮೇಲಕ್ಕೆ ಎದ್ದು ಅಲ್ಲಾಡಬಾರದು. ಕ್ಲಿಪ್ ಸಡಿಲ ಇದ್ದರೆ ಹೊಸ ಬ್ಲೇಡು ಕೂಡ ಹಸಿ ಕಾಂಡವನ್ನು ಅಗಿಯುತ್ತದೆ.

ಬ್ಲೇಡ್ ಓಡಿಸುವ ಬೆಲ್ಟ್ ಜಾರುತ್ತಿದೆಯಾ ಅಂತಲೂ ನೋಡಿ. ತೇವದ ದಿನ ಇದು ಆಗುತ್ತದೆ. ಕ್ಯಾಬಿನ್‌ನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಹಳೇ ಆಪರೇಟರ್

ಬ್ಲೇಡು ಸರಿಯಾದ ಮೇಲೆ ರೀಲ್, ಅಂದರೆ ಗಿಡವನ್ನು ಬಾರಿನ ಕಡೆಗೆ ತಳ್ಳುವ ಸುತ್ತುವ ಪಟ್ಟಿಗಳು. ಹೆಡರ್ ನಷ್ಟದಲ್ಲಿ ನನ್ನ ಅನುಭವದ ಪ್ರಕಾರ ಬ್ಲೇಡಿನ ನಂತರದ ಕಳ್ಳ ಇದೇ.

ರೀಲ್ ಮಷೀನಿಗಿಂತ ಸ್ವಲ್ಪ ಜೋರಾಗಿ ಸುತ್ತಬೇಕು, ಶೇ 10ರಿಂದ 25ರಷ್ಟು ಮಾತ್ರ. ಜಾಸ್ತಿ ಆದರೆ ಕಾಯಿಗೆ ಏಟು ಹೊಡೆದು ಉದುರಿಸುತ್ತದೆ. ಕಮ್ಮಿ ಆದರೆ ಕತ್ತರಿಸಿದ ಗಿಡ ಬಾರಿನ ಮೇಲೆ ನಿಂತುಬಿಡುತ್ತದೆ ಅಥವಾ ಮುಂದಕ್ಕೆ ಬೀಳುತ್ತದೆ.

ಲೆಕ್ಕ ಹಾಕೋಣ. ಗಂಟೆಗೆ 4 ಕಿಲೋಮೀಟರ್ ವೇಗ ಅಂದರೆ ನಿಮಿಷಕ್ಕೆ 67 ಮೀಟರ್. ಶೇ 15 ಸೇರಿಸಿದರೆ 77. ರೀಲಿನ ವ್ಯಾಸ 1 ಮೀಟರ್ ಇದ್ದರೆ ಒಂದು ಸುತ್ತಿಗೆ 3.14 ಮೀಟರ್. ಹಾಗಾಗಿ ನಿಮಿಷಕ್ಕೆ 24 ಸುತ್ತು. ರೀಲಿನ ಒಂದು ಪಟ್ಟಿಗೆ ಬಣ್ಣದ ಬಟ್ಟೆ ಕಟ್ಟಿ, ಪಕ್ಕದಲ್ಲಿ ದೂರ ನಿಂತು ಎಣಿಸಿ. ನಿಜವಾದ ವೇಗ ನೋಡಲು 10 ಮೀಟರ್ ಗುರುತು ಹಾಕಿ. 4 ಕಿಲೋಮೀಟರ್ ವೇಗದಲ್ಲಿ ಅದನ್ನು ದಾಟಲು 9 ಸೆಕೆಂಡ್ ಬೇಕು.

ರೀಲಿನ ನಡು ಕಟರ್ ಬಾರ್‌ಗಿಂತ 15ರಿಂದ 30 ಸೆಂಟಿಮೀಟರ್ ಮುಂದೆ ಇರಲಿ. ಗಿಡ ಕತ್ತರಿಸಿದ ಹೊತ್ತಿಗೇ ಪಟ್ಟಿ ಅದನ್ನು ಬಿಟ್ಟುಬಿಡಬೇಕು. ಬಿಡದಿದ್ದರೆ ಹಸಿ ಗಿಡ ಸುತ್ತಿಕೊಂಡು ಮೇಲೆ ಹೋಗಿ ಮುಂದೆ ಬೀಳುತ್ತದೆ. ಬೆಳೆ ಮಲಗಿದ್ದರೆ ರೀಲನ್ನು ಇನ್ನೂ ಮುಂದೆ, ಇನ್ನೂ ಕೆಳಗೆ ತನ್ನಿ. ಗಿಡ ಯಾವ ಕಡೆ ಬಾಗಿದೆಯೋ ಅದರ ಎದುರಿನಿಂದ ಕೊಯ್ಯಿರಿ.

ವೇಗ 4ರಿಂದ 5ರೊಳಗೆ ಇರಲಿ. ಹಸಿ ಕಾಂಡ, ಒದ್ದೆ ನೆಲ ಎರಡೂ ಸೇರಿದಾಗ 4 ದಾಟಬೇಡಿ ಅಂತ ಹೇಳ್ತೀನಿ. ಮಳೆ ಬರ್ತಿದೆ ಅಂತ ಗಾಬರಿಯಲ್ಲಿ 7ಕ್ಕೆ ಓಡಿಸಿದರೆ ಹೊಲ ಬೇಗ ಮುಗಿಯುತ್ತದೆ, ಕಾಳು ಹೊಲದಲ್ಲೇ ಇರುತ್ತದೆ.

ಕಪ್ಪು ನೆಲ

ಎತ್ತರದ ಬಗ್ಗೆ ಯಾರೂ ಹೇಳಲಿಲ್ಲ. ಸೋಯಾದ ಮೊದಲ ಕಾಯಿ ನೆಲಕ್ಕೆ ತೀರಾ ಹತ್ತಿರ. ಸುಮಾರು 9 ಸೆಂಟಿಮೀಟರ್ ಎತ್ತರದಲ್ಲಿ ಕೊಯ್ದರೆ ಇಳುವರಿಯ ಶೇ 5ರಷ್ಟು ಕೂಳೆಯಲ್ಲೇ ಉಳಿಯಬಹುದು. 16 ಸೆಂಟಿಮೀಟರಿಗೆ ಎತ್ತಿದರೆ ಶೇ 12ರವರೆಗೂ ಹೋಗುತ್ತದೆ.

ಒದ್ದೆ ನೆಲದಲ್ಲಿ ತೊಂದರೆ ಏನೆಂದರೆ, ಕೆಳಗೆ ಇಳಿಸಿದರೆ ಹೆಡರ್ ಕೆಸರು ತಳ್ಳುತ್ತದೆ, ಆ ಭಯಕ್ಕೆ ಎಲ್ಲರೂ ಎತ್ತಿಬಿಡುತ್ತಾರೆ. ಎತ್ತುವ ಮುಂಚೆ ಎರಡು ಕೆಲಸ ಮಾಡಿ. ಹೆಡರ್‌ನ ಮೂತಿ ಜಾಸ್ತಿ ಕೆಳಗೆ ಓರೆಯಾಗಿದ್ದರೆ ಸ್ವಲ್ಪ ಚಪ್ಪಟೆ ಮಾಡಿ. ಗಾರ್ಡ್ ತುದಿ ಮಣ್ಣಿಗೆ ಚುಚ್ಚುವುದು ನಿಲ್ಲುತ್ತದೆ. ಆಮೇಲೆ ಹೆಡರ್‌ನ ಭಾರ ನೆಲದ ಮೇಲೆ ಕಮ್ಮಿ ಬೀಳುವ ಹಾಗೆ ಫ್ಲೋಟ್ ಹೊಂದಿಸಿ. ಅಡಿಯ ಸ್ಕಿಡ್ ತಟ್ಟೆಗೆ ಮೆತ್ತಿದ ಮಣ್ಣನ್ನು ಆಗಾಗ ಕೆರೆಯಿರಿ. ಅದು ಗಟ್ಟಿಯಾದರೆ ಬಾಗುವ ಬಾರ್ ಬಾಗುವುದೇ ಇಲ್ಲ.

ಬಾರ್ ಮುಂದೆ ಮಣ್ಣು ಗುಡ್ಡೆ ಕಟ್ಟಿದ ಕೂಡಲೇ ನಿಲ್ಲಿಸಿ. ಒಳಗೆ ಹೋದ ಮಣ್ಣಿನ ಹೆಂಟೆ ಡ್ರಮ್ಮಿನಲ್ಲಿ ಪುಡಿಯಾಗಿ ಒದ್ದೆ ಕಾಳಿಗೆಲ್ಲ ಮೆತ್ತುತ್ತದೆ. ಆಮೇಲೆ ಯಾವ ಜರಡಿಯೂ ಅದನ್ನು ಬಿಡಿಸುವುದಿಲ್ಲ.

ನಿಧಾನಿ

ಎಲ್ಲ ಸರಿ, ಆದರೆ ಶೇ 17ಕ್ಕೆ ಯಾಕೆ ಹೊಲಕ್ಕೆ ಇಳಿಯಬೇಕು? ಶೇ 13ಕ್ಕೆ ಬರುವವರೆಗೆ ಕಾದರೆ ಕಾಂಡವೂ ಒಣಗುತ್ತದೆ, ನೆಲವೂ ಗಟ್ಟಿಯಾಗುತ್ತದೆ, ಈ ತಲೆನೋವೇ ಇರುವುದಿಲ್ಲ. ಒದ್ದೆ ಹೊಲದಲ್ಲಿ ಕಂಬೈನ್ ಓಡಿಸಿದ ಚಕ್ರದ ಗುರುತು ಮುಂದಿನ ಬೆಳೆಯಲ್ಲೂ ಕಾಣುತ್ತದೆ.

ಕಾಳು ಎಣಿಕೆ

ಆಕಾಶ ತಿಳಿಯಾಗಿದ್ದರೆ ನಿಮ್ಮ ಮಾತು ಒಪ್ಪುತ್ತೇನೆ. ಶೇ 13ರಿಂದ 15 ಸೋಯಾಕ್ಕೆ ಒಳ್ಳೆಯ ಕಟಾವು ತೇವಾಂಶ. ಆದರೆ ಮಳೆ ಬಿಟ್ಟು ಬಿಟ್ಟು ಬರುವಾಗ ಕಾಯುವುದಕ್ಕೂ ಬೆಲೆ ಇದೆ. ಪ್ರತಿ ಸಲ ನೆನೆದು ಒಣಗಿದಾಗಲೂ ಇನ್ನಷ್ಟು ಕಾಯಿ ಸಡಿಲವಾಗುತ್ತದೆ, ಕಾಳಿನ ಬಣ್ಣ ಕೆಡುತ್ತದೆ, ಬೆಚ್ಚಗಿದ್ದರೆ ಕಾಯಿಯಲ್ಲೇ ಮೊಳಕೆ ಬರುತ್ತದೆ. ಆಮೇಲೆ ಬಿಸಿಲು ಬಂದು ಶೇ 11ಕ್ಕಿಂತ ಕೆಳಗೆ ಒಣಗಿತು ಅಂದರೆ ಹೆಡರ್ ಮುಟ್ಟಿದ ಕೂಡಲೇ ಉದುರುತ್ತದೆ.

ಒಣಗಿಸುವ ಅನುಕೂಲ ಇದ್ದವರು ಶೇ 16, 17ಕ್ಕೆ ಶುರು ಮಾಡಬಹುದು. ಇಲ್ಲದವರು ಕಾಯಲೇಬೇಕು. ತೀರ್ಮಾನ ಅದರ ಮೇಲಿದೆ. ಹೊಲದಲ್ಲಿ ತಾನಾಗೇ ಉದುರಿದ 15 ಕಾಳು ಇದೆಯಲ್ಲ, ಅದನ್ನು ದಿನಾ ಎಣಿಸ್ತಾ ಇರಿ. ಅದು ಏರತೊಡಗಿದರೆ ಕಾಯುವ ಕಾಲ ಮುಗಿಯಿತು.

ನಿಧಾನಿ

ದಿನಾ ಎಣಿಸುವ ಸಲಹೆ ಹಿಡಿಸಿತು. ಆದರೆ ನೆಲದ ಬಗ್ಗೆ ನನ್ನ ಮಾತು ಬಿಡುವುದಿಲ್ಲ. ಟ್ಯಾಂಕ್ ಪೂರ್ತಿ ತುಂಬಿಸಬೇಡಿ, ಅರ್ಧಕ್ಕೇ ಖಾಲಿ ಮಾಡಿ. ಕಾಳಿನ ಟ್ರಾಲಿ ಹೊಲದ ಮಧ್ಯೆ ಓಡಾಡುವುದು ಬೇಡ, ಬದುವಿನ ಹತ್ತಿರವೇ ನಿಲ್ಲಲಿ. ಒಮ್ಮೆ ತುಳಿದ ದಾರಿಯಲ್ಲೇ ಮತ್ತೆ ಹೋಗಿ ಬರಲಿ. ಟೈರಿನ ಗಾಳಿಯನ್ನು ಆ ಭಾರಕ್ಕೆ ಹೇಳಿರುವ ಕನಿಷ್ಠ ಮಟ್ಟಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ತಗ್ಗು ಜಾಗಗಳನ್ನು ಕೊನೆಗೆ ಬಿಡಿ. ಮೂಲೆಯ ನಾಲ್ಕು ಗಿಡಕ್ಕಾಗಿ ಇಡೀ ಮಷೀನ್ ಹೂತುಹೋಗುವುದು ಬೇಡ.

ಹೊಸ ಸಾಲು

ಹೆಡರ್ ಕೆಲಸ ಮಾಡಿಸಿದೆವು. ಬ್ಲೇಡು ಬಹಳಷ್ಟು ಬದಲಿಸಿದೆವು, ಕ್ಲಿಪ್ ಬಿಗಿ ಮಾಡಿದೆವು. ರೀಲ್ ನಿಮಿಷಕ್ಕೆ 36 ಸುತ್ತು ಓಡ್ತಿತ್ತು, 24ಕ್ಕೆ ಇಳಿಸಿದೆವು. ಕಾನ್ಕೇವ್ ಒಂದು ಹಂತ ಬಿಗಿ ಮಾಡಿ, ಏರಿಸಿದ್ದ ಡ್ರಮ್ ಸ್ಪೀಡನ್ನು ಮೊದಲಿನ ಜಾಗಕ್ಕೆ ತಂದೆವು. ಹೆಡರ್ ನಷ್ಟ 85ರಿಂದ 35ಕ್ಕೆ ಬಂತು. ಒಳಗಿನ 30 ಮಾತ್ರ ಹಾಗೇ ಇದೆ. ಬಾಯಿ ಬಿಡದ ಕಾಯಿ ಈಗ ಹೆಚ್ಚೇನೂ ಇಲ್ಲ, ಬಿಡಿ ಕಾಳೇ ಬರ್ತಿದೆ. ಮೇಲಿನ ಜರಡಿ ಮೇಲೆ ಹಸಿ ಹೊಟ್ಟು ಹಾಸಿಕೊಂಡಿದೆ.

ರಿಪೇರಿ ಶೆಡ್

ಆ ಹಾಸೇ ಕಾರಣ. ಒದ್ದೆ ಹೊಟ್ಟು ಭಾರ. ಫ್ಯಾನ್ ಗಾಳಿ ಅದನ್ನು ಎತ್ತದಿದ್ದರೆ ಚಾಪೆಯಂತೆ ಕೂತುಬಿಡುತ್ತದೆ, ಕಾಳು ಅದರ ಮೇಲೆಯೇ ಸವಾರಿ ಮಾಡಿ ಹಿಂದೆ ಹೋಗುತ್ತದೆ. ಸೋಯಾ ಕಾಳು ತೂಕದ ಕಾಳು, ಗಾಳಿಗೆ ಸುಲಭವಾಗಿ ಹಾರುವುದಿಲ್ಲ. ಅದಕ್ಕೇ ಫ್ಯಾನ್ ಇಳಿಸಬಾರದು, ಏರಿಸಬೇಕು. ಹಿಂದೆ ಕಾಳು ಹಾರಿ ಬರುವುದು ಕಂಡರೆ ಆಗ ಸ್ವಲ್ಪ ಇಳಿಸಿ.

ಮೇಲಿನ ಜರಡಿ ಸ್ವಲ್ಪ ತೆರೆಯಿರಿ. ಕೆಳಗಿನ ಜರಡಿಯನ್ನೂ ನೋಡಿ. ಅದು ತೀರಾ ಮುಚ್ಚಿದ್ದರೆ ಒಳ್ಳೆಯ ಕಾಳೂ ಮರಳಿ ಡ್ರಮ್ಮಿಗೆ ಹೋಗುತ್ತದೆ, ಎರಡನೇ ಸಲ ಏಟು ತಿಂದು ಬೇಳೆಯಾಗುತ್ತದೆ. ವಾಪಸ್ ಹೋಗುವ ಎಲಿವೇಟರಿನಲ್ಲಿ ಬರೀ ಬಾಯಿ ಬಿಡದ ಕಾಯಿ ಇರಬೇಕು, ಅದೂ ಸ್ವಲ್ಪ. ಬಿಡಿ ಕಾಳು ಕಂಡರೆ ಕೆಳಗಿನ ಜರಡಿ ತೆರೆಯಿರಿ.

ಇಷ್ಟೆಲ್ಲ ಮಾಡುವ ಮುಂಚೆ ಜರಡಿ, ಕಾನ್ಕೇವ್, ಕಾಳಿನ ತಟ್ಟೆ ಮೂರನ್ನೂ ತೊಳೆದ ಹಾಗೆ ಸ್ವಚ್ಛ ಮಾಡಿ. ಹಸಿ ಕಳೆಯ ರಸ ಮತ್ತು ಧೂಳು ಸೇರಿ ಅಂಟು ಕಟ್ಟಿರುತ್ತದೆ. ಮುಚ್ಚಿಹೋದ ಕಾನ್ಕೇವ್‌ನಿಂದ ಕಾಳು ಕೆಳಗೆ ಬೀಳದೆ ನೇರ ವಾಕರ್ ಮೇಲೆ ಹೋಗುತ್ತದೆ. ಇಂಥ ದಿನಗಳಲ್ಲಿ ಒಮ್ಮೆ ಬೆಳಗ್ಗೆ, ಒಮ್ಮೆ ಮಧ್ಯಾಹ್ನ ಕೆರೆಯಲೇಬೇಕು. ಎಂಜಿನ್ ಆಫ್, ಕೀಲಿ ಕೈಯಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿ.

ಹೊಲದಲ್ಲಿ ಹಸಿರು ಕಳೆ ದಟ್ಟವಾಗಿರುವ ತುಂಡು ಇದ್ದರೆ ಬೇರೆಯಾಗಿ ಕೊಯ್ಯಿರಿ. ಅದರ ರಸ ಇಡೀ ಟ್ಯಾಂಕಿನ ಕಾಳಿಗೆ ಬಣ್ಣ ಹತ್ತಿಸುತ್ತದೆ.

ಹೊಸ ಸಾಲು

ಜರಡಿ ಕೆರೆದು, ಫ್ಯಾನ್ ಏರಿಸಿ ನೋಡಿದೆವು. ಒಳಗಿನ ನಷ್ಟ 10ಕ್ಕೆ ಇಳಿಯಿತು. ಈಗ ಒಟ್ಟು 60, ಅದರಲ್ಲಿ 15 ಮೊದಲೇ ಉದುರಿದ್ದು. ಕಟಾವು ನಡೀತಿದೆ. ಕೊನೆಯದಾಗಿ ಒಂದು ಪ್ರಶ್ನೆ: ಶೇ 17ರ ಕಾಳನ್ನು ರಾತ್ರಿ ರಾಶಿ ಹಾಕಿ ಇಡಬಹುದಾ? ಒಂದು ಭಾಗ ಬಿತ್ತನೆಗೆ ಬೇಕು.

ಕಾಳು ಎಣಿಕೆ

ದಪ್ಪ ರಾಶಿ ಹಾಕಿ ಮುಚ್ಚಬೇಡಿ, ಬಿಸಿಯಾಗುತ್ತದೆ, ಮುಗ್ಗಲು ಹಿಡಿಯುತ್ತದೆ. ತೆಳುವಾಗಿ ಹರಡಿ ಅಥವಾ ಗಾಳಿ ಹಾಯಿಸಿ. ಬಿಸಿ ಗಾಳಿಯಲ್ಲಿ ಒಣಗಿಸುವುದಾದರೆ ಮಾರುವ ಕಾಳಿಗೆ ಗಾಳಿಯ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟದಿರಲಿ, ಬಿತ್ತನೆ ಕಾಳಿಗೆ 43. ತೀರಾ ಒಣ ಗಾಳಿ ಬಿಟ್ಟರೆ ಮೇಲಿನ ಸಿಪ್ಪೆ ಬಿರಿಯುತ್ತದೆ, ಆ ಗಾಳಿಯಲ್ಲಿ ಶೇ 40ರಷ್ಟಾದರೂ ಆರ್ದ್ರತೆ ಇರಬೇಕು. ಕೆಲವು ತಿಂಗಳು ಇಡಲು ಶೇ 13 ಸಾಕು. ಮುಂದಿನ ವರ್ಷದವರೆಗೆ ಇಡುವುದಾದರೆ 12ಕ್ಕೆ ತನ್ನಿ.

ಹಳೇ ಆಪರೇಟರ್

ಬಿತ್ತನೆ ಕಾಳನ್ನು ಬೆಳಗಿನ ಒದ್ದೆಯಲ್ಲಿ ಕೊಯ್ಯಬೇಡಿ. ಒಳ್ಳೆಯ ಬಿಸಿಲಿನ ಮಧ್ಯಾಹ್ನ, ಕಾಳು ಶೇ 13, 14ಕ್ಕೆ ಬಂದಾಗ, ಕಾನ್ಕೇವ್ ಸಂದು ಹಿಗ್ಗಿಸಿ ಡ್ರಮ್ಮನ್ನು ಕಾಯಿ ಬಿಚ್ಚುವ ಮಟ್ಟಿಗೆ ಮಾತ್ರ ಓಡಿಸಿ. ನೆಲ ಎತ್ತರ ಇರುವ, ಕಳೆ ಇಲ್ಲದ ತುಂಡನ್ನು ಅದಕ್ಕೇ ಮೀಸಲಿಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಶುರು ಮಾಡಿ, ಮೊದಲು ಬಂದ ಕಾಳನ್ನು ಮಾರುವ ರಾಶಿಗೆ ಹಾಕಿ. ಆಮೇಲೆ ಬರುವುದರಲ್ಲಿ ಒಂದು ಹಿಡಿ ತೆಗೆದು ನೀರಿಗೆ ಹಾಕಿ, ಹತ್ತು ನಿಮಿಷ ಬಿಟ್ಟು ನೋಡಿ. ಸಿಪ್ಪೆ ಬಿರಿದ ಕಾಳು ಬೇಗ ಊದಿಕೊಂಡು ಬೇರೆಯಾಗಿ ಕಾಣುತ್ತದೆ. ಅಂಥವು ಜಾಸ್ತಿ ಇದ್ದರೆ ಡ್ರಮ್ ಇನ್ನೂ ಇಳಿಸಿ.